ಒಟಾನಿ ದೊಡ್ಡವರೋ, ಬೇಬ್ ರೂತ್ ದೊಡ್ಡವರೋ?

ಪ್ರಶ್ನೆ: ಬೇಸ್‌ಬಾಲ್ ಆಟಗಾರ ಶೋಹೇ ಒಟಾನಿಯನ್ನು ಈಗಲೇ ಸಾರ್ವಕಾಲಿಕ ಶ್ರೇಷ್ಠರ ಸಾಲಿಗೆ ಸೇರಿಸಬಹುದೇ?

ಉತ್ತರ: ಧಾರಾಳವಾಗಿ. ಮೊದಲ ಸ್ಥಾನದ ಮಾತು ಮಾತ್ರ ಬೇರೆ. ಬೇಬ್ ರೂತ್ 714 ಹೋಮ್ ರನ್ ಹೊಡೆದವರು, ಪಿಚರ್ ಆಗಿ 94 ಪಂದ್ಯ ಗೆದ್ದವರು. ಒಟ್ಟು ಲೆಕ್ಕದಲ್ಲಿ ಒಟಾನಿ ಇನ್ನೂ ಬಹಳ ಹಿಂದೆ.

ಆದರೆ ರೂತ್ ಕಾಲದಲ್ಲಿ ಕಪ್ಪು ಆಟಗಾರರಿಗೆ ಮೇಜರ್ ಲೀಗ್‌ನ ಬಾಗಿಲು ಮುಚ್ಚಿತ್ತು; ಜಾಕಿ ರಾಬಿನ್‌ಸನ್ ಅದನ್ನು ದಾಟಿದ್ದು 1947ರಲ್ಲಿ. ಪಿಚಿಂಗ್, ಬ್ಯಾಟಿಂಗ್ ಎರಡನ್ನೂ ರೂತ್ ಒಟ್ಟಿಗೆ ನಿಭಾಯಿಸಿದ್ದು ಕೆಲವೇ ವರ್ಷ.

ಒಟಾನಿ 2024ರಲ್ಲಿ 54 ಹೋಮ್ ರನ್ ಹೊಡೆದು, 59 ಬೇಸ್ ಕದ್ದರು. 2025ರ ಅಕ್ಟೋಬರ್ 17ರಂದು ಮಿಲ್ವಾಕಿ ತಂಡದ ಹತ್ತು ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿ, ಅದೇ ಪಂದ್ಯದಲ್ಲಿ ಮೂರು ಹೋಮ್ ರನ್ ಸಿಡಿಸಿದರು. ಗಳಿಕೆಯ ರಾಶಿ ರೂತ್‌ರದು. ಶಿಖರದ ಎತ್ತರ, ನನ್ನ ಮಟ್ಟಿಗೆ, ಒಟಾನಿಯದು.