ಬಾಣಲೆ ಹುಡುಕಿಕೊಡುವ ರಾಕ್ಷಸಬೇಟೆಗಾರ

ವೈಟ್ ಆರ್ಚರ್ಡ್ ಅನ್ನೋ ಊರಲ್ಲಿ, ಬಾಗಿಲು ಹಾಕಿದ ಮನೆಯೊಂದರ ಮುಂದೆ ಒಬ್ಬ ಅಜ್ಜಿ ನಿಂತಿರ್ತಾಳೆ. ಊರ ಸುತ್ತ ಯುದ್ಧ ನಡೀತಿದೆ, ಕಾಡಲ್ಲಿ ರಾಕ್ಷಸರಿದ್ದಾರೆ. ಆದರೆ ಅಜ್ಜಿಯ ಚಿಂತೆ ಅವಳ ಬಾಣಲೆ. ಯಾರೋ ಅಪರಿಚಿತ ಬಂದು ಇಸ್ಕೊಂಡು ಹೋದವನು ವಾಪಸ್ ಕೊಟ್ಟಿಲ್ಲ. ಬೆನ್ನ ಮೇಲೆ ಎರಡು ಕತ್ತಿ ಹೊತ್ತ, ಬಿಳಿ ಕೂದಲಿನ, ಬೆಕ್ಕಿನ ಕಣ್ಣಿನ ನಮ್ಮ ಹೀರೊ ಬಾಗಿಲು ಒಡೆದು ಒಳಗೆ ಹೋಗ್ತಾನೆ. ಒಳಗೊಂದು ಹೆಣ, ಸುಟ್ಟ ಕಾಗದಗಳು, ನೆಲದ ಮೇಲೆ ಬಾಣಲೆ. ಬಾಣಲೆ ಮಾತ್ರ ಫಳಫಳ ಅಂತಿದೆ. ಯಾಕಪ್ಪಾ ಅಂತ ನೋಡಿದರೆ, ಅದರ ತಳದ ಮಸಿ ಕೆರೆದು ಶಾಯಿ ಮಾಡಿಕೊಂಡಿದ್ದಾರೆ! ಅಜ್ಜಿಗೆ ಹೆಣದ ಗೊಡವೆ ಬೇಡ, ಬಾಣಲೆ ಸಿಕ್ಕಿತಲ್ಲ, ಅದೂ ತೊಳೆದು ಕೊಟ್ಟ ಹಾಗೆ. ಖುಷಿಯೋ ಖುಷಿ.

'ದಿ ವಿಚರ್ 3: ವೈಲ್ಡ್ ಹಂಟ್' ಗೇಮ್ ಯಾಕೆ ಅಷ್ಟು ಇಷ್ಟ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳೋದು ಈ ಬಾಣಲೆಯ ಕಥೆಯನ್ನೇ. ಹೆಚ್ಚೆಂದರೆ ಐದು ನಿಮಿಷದ ಕೆಲಸ. ಇದನ್ನು ಮಾಡದೆಯೂ ಇಡೀ ಆಟ ಮುಗಿಸಬಹುದು. ಆದರೂ ಯಾರೋ ಕೂತು ಇದಕ್ಕೊಂದು ಕೊಲೆ, ಒಂದು ಸುಳಿವು, ಒಂದು ನಗು ಎಲ್ಲ ಬರೆದಿದ್ದಾರೆ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡ್ತೀನಿ. ಇದು ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆ 2015ರ ಮೇ 19ರಂದು ಬಿಡುಗಡೆ ಮಾಡಿದ ರೋಲ್ ಪ್ಲೇಯಿಂಗ್ ಗೇಮ್. ಅಂದರೆ ನೀವೊಂದು ಪಾತ್ರದೊಳಗೆ ಹೊಕ್ಕು, ಅವನ ಮಾತು, ನಿರ್ಧಾರ, ಹೊಡೆದಾಟ ಎಲ್ಲ ನೀವೇ ನಡೆಸೋದು. ಪಾತ್ರದ ಹೆಸರು ಗೆರಾಲ್ಟ್, ಕಸುಬು ದುಡ್ಡು ತಗೊಂಡು ರಾಕ್ಷಸರನ್ನು ಕೊಲ್ಲೋದು. ಮೂಲ ಆಂದ್ರೇ ಸಪ್ಕೋವ್‌ಸ್ಕಿಯವರ ಕಥೆಗಳು. 1986ರಲ್ಲಿ ಪ್ರಕಟವಾದ ಮೊದಲ ಕಥೆ ಒಂದು ಪೋಲಿಷ್ ಪತ್ರಿಕೆಯ ಕಥಾ ಸ್ಪರ್ಧೆಗೆ ಬಂದದ್ದು, ಸಿಕ್ಕಿದ್ದು ಮೂರನೇ ಬಹುಮಾನ. (ಕಥಾ ಸ್ಪರ್ಧೆಗಳಲ್ಲಿ ಮೂರನೇ ಬಹುಮಾನ ಬಂದು ಬೇಜಾರಾದವರು ಇದನ್ನು ಕತ್ತರಿಸಿ ಇಟ್ಕೊಳ್ಳಿ.) 2023ರ ಮೇ ಹೊತ್ತಿಗೆ ಈ ಗೇಮಿನ 5 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು.

ನಮ್ಮ ಆಫೀಸಿನ ಊಟದ ಟೇಬಲ್ಲಲ್ಲಿ ಇದನ್ನಾಡಿದವರು ನಾಲ್ಕೈದು ಜನ ಇದ್ದೀವಿ. ಏನು ಇಷ್ಟ ಅಂದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಒಬ್ಬನಿಗೆ ಬರೀ ಕುದುರೆ ಹತ್ತಿ ಸುತ್ತೋದು ಸಾಕು. ಇನ್ನೊಬ್ಬಳಿಗೆ ಒಳಗಿರೋ ಇಸ್ಪೀಟಿನಂಥ ಆಟದ ಹುಚ್ಚು. ನನಗೆ ಬರವಣಿಗೆ.

ಡೀಬಗ್ ಮಾಡೋ ಹೀರೊ

ವೃತ್ತಿಯಿಂದ ನಾನು ಬ್ಯಾಕೆಂಡ್ ಎಂಜಿನಿಯರ್. ರಾತ್ರಿ ಪ್ರೊಡಕ್ಷನ್ ಸರ್ವರ್ ಬಿದ್ದರೆ ಎದ್ದು ಕೂತು ಲಾಗ್ ಓದೋದು ನನ್ನ ಪಾಡು. ಗೆರಾಲ್ಟನ ಕೆಲಸವೂ ಹೆಚ್ಚುಕಮ್ಮಿ ಅದೇ ಅನ್ನಿಸಿಬಿಡುತ್ತೆ.

ಅದೇ ವೈಟ್ ಆರ್ಚರ್ಡಿನಲ್ಲಿ ಒಂದು ಹಾಳು ಬಾವಿ ಇದೆ. ಅಲ್ಲಿ ನಡು ಮಧ್ಯಾಹ್ನ ಒಂದು ಹೆಣ್ಣು ದೆವ್ವ ಕಾಣಿಸ್ಕೊಳ್ಳುತ್ತೆ. ನೀವು ನೇರ ಕತ್ತಿ ಹಿಡ್ಕೊಂಡು ಹೋಗೋ ಹಾಗಿಲ್ಲ. ಮೊದಲು ಊರಲ್ಲಿ ವಿಚಾರಿಸಬೇಕು, ಪಾಳು ಮನೆಯಲ್ಲಿ ಸಿಕ್ಕ ದಿನಚರಿ ಓದಬೇಕು, ಬಾವಿಯೊಳಗೆ ಇಳಿದು ಅವಳದ್ದೊಂದು ಕೈಬಳೆ ತರಬೇಕು. ಆ ಹೆಣ್ಣು ಯಾರು, ಅವಳನ್ನು ಯಾರು ಕೊಂದರು, ಅವಳು ಯಾಕೆ ಇಲ್ಲೇ ಸಿಕ್ಕಿಕೊಂಡಿದ್ದಾಳೆ ಅಂತ ಗೊತ್ತಾದ ಮೇಲೆಯೇ ಬಿಡುಗಡೆ. ಕಾರಣ ಹುಡುಕದೆ ಹೋರಾಡಿದರೆ ದೆವ್ವ ಮತ್ತೆ ಬರುತ್ತೆ. ರೂಟ್ ಕಾಸ್ ನೋಡದೆ ಸರ್ವರ್ ರೀಸ್ಟಾರ್ಟ್ ಮಾಡಿದರೆ ಆಗೋ ಹಾಗೆ!

ಈ ದೆವ್ವಗಳೂ ಬಹುಪಾಲು ಅವರ ಊರಿನವೇ. ಮಧ್ಯಾಹ್ನದ ಹೆಣ್ಣು, ಕಾಡು ಕಾಯೋ ಮರದಂಥ ಲೆಶೆನ್, ನೀರಿಗೆ ಎಳೆಯೋ ಮುಳುಗುಮಾರಿಗಳು, ಎಲ್ಲ ಸ್ಲಾವಿಕ್ ಜನಪದದಿಂದ ಬಂದವು. ನಟ್ಟ ನಡು ಮಧ್ಯಾಹ್ನ ಬಾವಿ ಕಡೆ ಹೋಗಬೇಡ ಅಂತ ನಮ್ಮಜ್ಜಿಯೂ ಹೇಳ್ತಿದ್ದಳು. ಪೋಲೆಂಡಿನ ಅಜ್ಜಿಯರೂ ಅದನ್ನೇ ಹೇಳ್ತಿದ್ದರಂತೆ ಅಂತ ಗೊತ್ತಾದಾಗ ಒಂಥರಾ ಮಜಾ ಅನ್ನಿಸ್ತು.

ಕೆಲಸಕ್ಕೆ ಮೊದಲು ಸಂಬಳದ ಚೌಕಾಸಿಯೂ ಇದೆ. ಜಾಸ್ತಿ ಕೇಳಿದರೆ ಎದುರಿನವನ ಮುಖ ಗಂಟಾಗುತ್ತೆ, ಅತಿಯಾದರೆ ಮಾತು ಮುರಿಯುತ್ತೆ. ಅಪ್ರೈಸಲ್ ಮೀಟಿಂಗಿಗೆ ಒಳ್ಳೇ ಪ್ರಾಕ್ಟೀಸು.

ಬ್ಯಾರನ್ ಮತ್ತು ನಮ್ಮಮ್ಮ

ಈ ಆಟದ ಬಗ್ಗೆ ಯಾರೇ ಮಾತಾಡಿದರೂ ಕೊನೆಗೆ ಬಂದು ನಿಲ್ಲೋದು 'ಬ್ಲಡಿ ಬ್ಯಾರನ್' ಹತ್ತಿರ. ಇಲ್ಲಿಂದ ಮುಂದೆ ಕಥೆಯ ಗುಟ್ಟು ಬಿಟ್ಟುಕೊಡ್ತೀನಿ. ಹತ್ತು ವರ್ಷದ ಹಳೇ ಗೇಮು, ಆದರೂ ಆಡೋ ಪ್ಲಾನ್ ಇದ್ದರೆ ಈ ಭಾಗ ದಾಟಿಸಿ ಓದಿ.

ವೆಲೆನ್ ಅನ್ನೋ ಕೆಸರು ನಾಡಿನ ಯಜಮಾನ ಈ ಬ್ಯಾರನ್. ಗೆರಾಲ್ಟ್ ತನ್ನ ಸಾಕುಮಗಳಂಥ ಸಿರಿಯನ್ನು ಹುಡುಕ್ತಾ ಬಂದಿದ್ದಾನೆ. (ಪೂರ್ತಿ ಹೆಸರು ಸಿರಿಲ್ಲಾ. ಆದರೂ ನಮ್ಮ ಪಕ್ಕದ ಮನೆ ಹುಡುಗಿಯ ಹೆಸರು ಕರೆದ ಹಾಗೇ ಕೇಳುತ್ತೆ.) ಅವಳ ಸುದ್ದಿ ಬ್ಯಾರನ್‌ಗೆ ಗೊತ್ತು. ಆದರೆ ಕಾಣೆಯಾದ ನನ್ನ ಹೆಂಡತಿ ಮಗಳನ್ನು ಹುಡುಕಿಕೊಟ್ಟರೆ ಮಾತ್ರ ಹೇಳ್ತೀನಿ ಅಂತಾನೆ. ಹುಡುಕ್ತಾ ಹೋದ ಹಾಗೆ ಗೊತ್ತಾಗುತ್ತೆ, ಅವರು ಕಾಣೆಯಾಗಿಲ್ಲ, ಓಡಿಹೋಗಿದ್ದಾರೆ. ಇವನು ಕುಡುಕ. ವರ್ಷಗಟ್ಟಲೆ ಹೆಂಡತಿಯನ್ನು ಹೊಡೆದವನು. ಹೊಟ್ಟೆಯಲ್ಲಿದ್ದ ಮಗುವೂ ಹೋಗಿದೆ.

ಈ ಭಾಗ ಆಡುವಾಗ ನಾನು ಊರಲ್ಲಿದ್ದೆ, ವರ್ಕ್ ಫ್ರಂ ಹೋಮ್ ದಿನಗಳು. ಲ್ಯಾಪ್‌ಟಾಪ್ ಟಿವಿಗೆ ಹಾಕ್ಕೊಂಡು ಆಡ್ತಿದ್ದೆ. ಅಮ್ಮ ಪಕ್ಕದಲ್ಲಿ ಅವರೆಕಾಯಿ ಸುಲೀತಾ ಕೂತಿದ್ದಳು. ಏನು ಕಥೆ ಅಂತ ಕೇಳಿದಳು, ಕನ್ನಡದಲ್ಲಿ ಹೇಳ್ತಾ ಹೋದೆ. ಸ್ವಲ್ಪ ಹೊತ್ತಿಗೆ ಸುಲಿಯೋದು ನಿಂತಿತ್ತು.

"ಹೊಡೆತ ತಡೀಲಾರದೆ ಓಡಿಹೋದವಳನ್ನ ಹುಡುಕಿ ಮತ್ತೆ ಅವನ ಕೈಗೇ ಕೊಡ್ತೀಯಾ?" ಅಂದಳು.

ಸಿರಿಯ ಸುದ್ದಿ ಬೇಕಲ್ಲಮ್ಮ ಅಂದೆ.

"ನಿನ್ನ ಕೆಲಸ ಆಗಬೇಕು, ಅದಕ್ಕೆ ಅವಳನ್ನ ಹಿಡಿದು ಕೊಡ್ತೀಯ. ಸರಿ ಬಿಡು."

ಆಟ ಬರೆದವರು ಕೇಳಬೇಕೆಂದಿದ್ದ ಪ್ರಶ್ನೆಯನ್ನೇ ಅಮ್ಮ ಕೇಳಿಬಿಟ್ಟಿದ್ದಳು. ಮುಂದೆ ಒಂದು ದೃಶ್ಯ ಬರುತ್ತೆ. ಸಂಸ್ಕಾರವಿಲ್ಲದೆ ಹೂತ ಆ ಮಗು ಪಿಶಾಚಿಯಾಗಿ ಎದ್ದಿದೆ. ಅದನ್ನು ಕತ್ತಿಯಿಂದ ಮುಗಿಸಬಹುದು. ಇಲ್ಲಾ, ಬ್ಯಾರನ್ ಅದನ್ನು ಎತ್ತಿಕೊಂಡು ಮಳೆಯಲ್ಲಿ ನಡೆದು, ಹೆಸರಿಟ್ಟು, ಮನೆಯ ಹೊಸಿಲ ಕೆಳಗೆ ಹೂಳಬಹುದು. ಆಗ ಅದು ಮನೆ ಕಾಯೋ ಶಕ್ತಿಯಾಗುತ್ತೆ. ನಾನು ಎರಡನೆಯದನ್ನು ಆರಿಸಿದೆ. ಅಷ್ಟು ದೊಡ್ಡ ದೇಹದ ಮನುಷ್ಯ ಅಳ್ತಾ ಮಗಳೇ ಅಂತ ಕರೆಯೋದನ್ನು ನೋಡಿ ನನ್ನ ಗಂಟಲು ಕಟ್ಟಿತು. ಅಮ್ಮನೂ ಸುಮ್ಮನಿದ್ದಳು. ಆಮೇಲೆ ಸೆರಗಲ್ಲಿ ಕೈ ಒರೆಸಿಕೊಳ್ತಾ ಅಂದಳು: "ಈಗ ಅತ್ತರೆ ಸಾಕಾ?"

ಅದಕ್ಕೆ ಗೇಮಿನಲ್ಲೂ ಉತ್ತರ ಇಲ್ಲ. ಮಗಳು ತಮಾರಾ ಅಪ್ಪನನ್ನು ಕ್ಷಮಿಸಲ್ಲ, ಅವಳನ್ನು ಒಪ್ಪಿಸೋಕೆ ನಿಮ್ಮ ಕೈಲೂ ಆಗಲ್ಲ. ಅವನ ಮೇಲೆ ಕನಿಕರ ಹುಟ್ಟಿಸ್ತಾರೆ, ಆದರೆ ಅವನನ್ನು ಒಳ್ಳೆಯವನು ಅಂತ ನಿಮ್ಮ ಕೈಲಿ ಹೇಳಿಸಲ್ಲ. ಕುಡುಕ ಗಂಡ ಕೊನೇ ಸೀನಲ್ಲಿ ಕಾಲಿಗೆ ಬಿದ್ದು, ಹೆಂಡತಿ ಕಣ್ಣೀರು ಒರೆಸಿ, ಶುಭಂ ಕಾರ್ಡ್ ಬೀಳೋ ಸಿನಿಮಾ ನೋಡಿ ಬೆಳೆದ ನನಗೆ ಇದು ಹೊಸದಾಗಿತ್ತು. ಈ ಭಾಗದ ವಿನ್ಯಾಸಕಾರ ಪಾವೆಲ್ ಸಾಸ್ಕೊ ಅನ್ನುವವರು. ಆಟಗಾರರು ಇವತ್ತಿಗೂ ಅವರ ಹೆಸರು ನೆನಪಿಟ್ಟುಕೊಂಡಿರೋದು ಮುಖ್ಯವಾಗಿ ಇದಕ್ಕೇ.

ರಿವರ್ಟ್ ಬಟನ್ ಎಲ್ಲಿ?

ನನ್ನ ಕೆಲಸದಲ್ಲಿ ಕೋಡ್ ಕೆಟ್ಟರೆ ಹಿಂದಿನ ವರ್ಶನ್ನಿಗೆ ಹೋಗಬಹುದು. ಗೇಮುಗಳಲ್ಲೂ ಸೇವ್ ಮಾಡಿಟ್ಟು, ತೀರ್ಮಾನ ಹಿಡಿಸದಿದ್ದರೆ ಲೋಡ್ ಮಾಡೋದು ಎಲ್ಲರ ಅಭ್ಯಾಸ. ವಿಚರ್ ಸರಣಿ 2007ರ ಮೊದಲ ಭಾಗದಿಂದಲೂ ಇದಕ್ಕೊಂದು ಉಪಾಯ ಮಾಡಿದೆ. ತೀರ್ಮಾನ ಇವತ್ತು, ಫಲ ಎಷ್ಟೋ ಗಂಟೆಗಳ ಆಟದ ನಂತರ.

ಬ್ಯಾರನ್ ಕಥೆಯಲ್ಲೇ ನೋಡಿ. ಒಂದು ದಿಬ್ಬದ ಕೆಳಗೆ, ಮರದ ಬೇರಿನಲ್ಲಿ ಒಂದು ಆತ್ಮ ಬಂಧಿಯಾಗಿದೆ. ನನ್ನನ್ನು ಬಿಡಿಸು, ಜೌಗಿನ ಮಾಟಗಾತಿಯರ ಬಾಯಿಗೆ ಬೀಳಲಿರೋ ಅನಾಥ ಮಕ್ಕಳನ್ನು ಉಳಿಸ್ತೀನಿ ಅನ್ನುತ್ತೆ. ನಂಬೋದಾ? ಬಿಡಿಸಿದರೆ ಮಕ್ಕಳು ಉಳೀತಾರೆ. ಆದರೆ ಅದು ಒಂದು ಹಳ್ಳಿಯನ್ನೇ ಹೊಸಕಿ ಹಾಕುತ್ತೆ, ಬ್ಯಾರನ್‌ನ ಹೆಂಡತಿ ಆನ್ನಾ ಸಾಯ್ತಾಳೆ, ಅವನು ನೇಣು ಹಾಕ್ಕೊಳ್ತಾನೆ. ಕೊಂದರೆ ಹಳ್ಳಿ ಉಳಿಯುತ್ತೆ, ಆನ್ನಾ ಬುದ್ಧಿ ಕಳ್ಕೊಂಡು ಬದುಕ್ತಾಳೆ, ಬ್ಯಾರನ್ ಅವಳನ್ನು ಚಿಕಿತ್ಸೆಗೆ ಅಂತ ದೂರದ ಬೆಟ್ಟಗಳಿಗೆ ಕರ್ಕೊಂಡು ಹೋಗ್ತಾನೆ. ಮಕ್ಕಳು ಮಾತ್ರ ಇರಲ್ಲ. ಮರದ ಮುಂದೆ ನಿಂತಾಗ ಇದು ಯಾವುದೂ ನಿಮಗೆ ಗೊತ್ತಿರಲ್ಲ. ಗೊತ್ತಾಗೋ ಹೊತ್ತಿಗೆ ಹಳೇ ಸೇವ್ ಎಲ್ಲೋ ಹಿಂದೆ ಉಳಿದುಹೋಗಿದೆ.

ಹಾಗಂತ ಎಲ್ಲ ತೀರ್ಮಾನವೂ ಇಷ್ಟು ಭಾರ ಇರಲ್ಲ, ಕೆಲವಂತೂ ತೀರ್ಮಾನ ಅಂತಲೇ ಗೊತ್ತಾಗಲ್ಲ. ಆಪ್ತರೊಬ್ಬರನ್ನು ಕಳ್ಕೊಂಡು ಸಿರಿ ಸೋತು ಕೂತಿರ್ತಾಳೆ. ಬಾ ಕುಡಿಯೋಣ ಅನ್ನಬಹುದು. ಇಲ್ಲಾ ಹೊರಗೆ ಕರ್ಕೊಂಡು ಹೋಗಿ ಹಿಮದ ಉಂಡೆ ಎಸೆದಾಡಬಹುದು. ಆಮೇಲೆ ಪ್ರಬಲ ಮಾಟಗಾತಿಯರ ಜತೆ ಅವಳಿಗೊಂದು ಮಾತುಕತೆ ಇದೆ, ನೀವೂ ಒಳಗೆ ಹೋಗ್ತೀರೋ, ಅವಳೊಬ್ಬಳನ್ನೇ ಬಿಡ್ತೀರೋ? ಸಣ್ಣಪುಟ್ಟ ಇಂಥ ಉತ್ತರಗಳನ್ನೇ ಲೆಕ್ಕ ಹಾಕಿ, ಸಿರಿ ಕೊನೆಗೆ ಬದುಕ್ತಾಳೋ ಇಲ್ಲವೋ ಅಂತ ಆಟ ನಿರ್ಧರಿಸುತ್ತೆ. ಅವಳ ಪರವಾಗಿ ನೀವೇ ಮಾತಾಡ್ತಾ ಹೋದಷ್ಟೂ ಅವಳ ದಾರಿ ಕಿರಿದಾಗುತ್ತೆ. ಮಗಳ ಇಂಟರ್‌ವ್ಯೂಗೆ ಜತೆಗೆ ಬಂದು ರಿಸೆಪ್ಷನ್ನಲ್ಲಿ ಕೂರೋ ಅಪ್ಪಂದಿರನ್ನು ನಾನು ನೋಡಿದ್ದೀನಿ. ಪ್ರೀತಿ ಇಲ್ಲದೇ ಯಾರೂ ಹಾಗೆ ಬರಲ್ಲ. ಗೆರಾಲ್ಟನಿಗೂ ಒಳಗೆ ಹೋಗಬೇಕು ಅನ್ನಿಸೋದು ಅದಕ್ಕೇ.

ಇಷ್ಟೆಲ್ಲ ಗಂಭೀರದ ನಡುವೆ ಗ್ವೆಂಟ್ ಇದೆ, ಪುಣ್ಯಕ್ಕೆ. ಹತ್ತು ಕಾರ್ಡು, ಮೂರರಲ್ಲಿ ಎರಡು ಸುತ್ತು ಗೆದ್ದವನು ಗೆದ್ದ. ಒಂದು ಸುತ್ತನ್ನು ಬೇಕಂತಲೇ ಸೋತು, ಎದುರಾಳಿಯ ಕಾರ್ಡು ಖರ್ಚು ಮಾಡಿಸೋದರಲ್ಲೇ ಇರೋದು ಕಿಕ್ಕು. ಸಿರಿಯ ಪ್ರಾಣ ಅಪಾಯದಲ್ಲಿದೆ, ನಮ್ಮ ಹೀರೊ ಹೋಟೆಲ್ ಯಜಮಾನನ ಮುಂದೆ ಕೂತು ಒಂದು ಆಟ ಆಡೋಣ್ವಾ ಅಂತಾನೆ! ಜನ ಎಷ್ಟು ಹಚ್ಚಿಕೊಂಡರು ಅಂದರೆ 2018ರಲ್ಲಿ ಅದೇ ಒಂದು ಪ್ರತ್ಯೇಕ ಗೇಮಾಗಿ ಪೂರ್ಣವಾಗಿ ಹೊರಬಂತು.

ಸುತ್ತಾಟದ ಬಗ್ಗೆಯೂ ಹೇಳಲೇಬೇಕು. ವೆಲೆನ್‌ನಲ್ಲಿ ಗಾಳಿಮಳೆ ಶುರುವಾಗೋ ಮುಂಚೆ ಮರಗಳು ಓಲಾಡೋ ರೀತಿ ನೋಡಿದರೆ ಒಣಹಾಕಿದ ಬಟ್ಟೆ ತೆಗೀಬೇಕು ಅನ್ನಿಸುತ್ತೆ. ಹೊಡೆದಾಟದ ಹಿನ್ನೆಲೆಯಲ್ಲಿ ಪೋಲೆಂಡಿನ ಜನಪದ ಬ್ಯಾಂಡ್ ಪರ್ಸಿವಲ್‌ನ ಹೆಂಗಸರು ಎದೆ ತುಂಬಿ ಕೂಗಿ ಹಾಡ್ತಾರೆ. ಒಂದು ಸಂಜೆ ನೋವಿಗ್ರಾಡ್ ನಗರದ ಹೋಟೆಲಲ್ಲಿ ಪ್ರಿಸಿಲ್ಲಾ ಅನ್ನೋಳು ಹಾಡೋಕೆ ನಿಲ್ತಾಳೆ. ಆ ಕೆಲವು ನಿಮಿಷ ನಿಮಗೆ ಮಾಡೋಕೆ ಕೆಲಸವೇ ಇಲ್ಲ, ಸುಮ್ಮನೆ ಕೂತು ಕೇಳಬೇಕು. ನೂರು ಜನರನ್ನು ಕೊಂದು ಬಂದವನನ್ನು ಹೀಗೆ ಕೂರಿಸೋ ಧೈರ್ಯ ಎಲ್ಲ ಗೇಮುಗಳಿಗೂ ಇರಲ್ಲ.

ತಕರಾರು ಇಲ್ವಾ? ಇದೆ. ಕತ್ತಿಯ ಹೊಡೆದಾಟ ಸಾಧಾರಣ, ಒಂದಷ್ಟು ದಿನಕ್ಕೆ ಒಂದೇ ಥರ ಆಗುತ್ತೆ. ಕೆಂಪು ಗುರುತು ಹಿಂಬಾಲಿಸೋ ಪತ್ತೇದಾರಿಯೂ ಅಷ್ಟೇ. ಸ್ಕೆಲ್ಲಿಗೆ ದ್ವೀಪಗಳ ಸುತ್ತ ಸಮುದ್ರದ ತುಂಬ ಪ್ರಶ್ನಾರ್ಥಕ ಚಿಹ್ನೆ ಚೆಲ್ಲಿದ್ದಾರೆ, ಹೋದರೆ ಬರೀ ಪೆಟ್ಟಿಗೆಗಳು, ಅವುಗಳನ್ನು ಬಿಟ್ಟುಬಿಡಿ. ಕುದುರೆ ರೋಚ್ ಬೇಲಿಗೆ ಸಿಕ್ಕಿಹಾಕಿಕೊಳ್ಳೋದು, ಮನೆ ಮಾಡಿನ ಮೇಲೆ ಪ್ರತ್ಯಕ್ಷವಾಗೋದು ಜಗತ್ಪ್ರಸಿದ್ಧ ಬಗ್. ಅದೇ ಸಂಸ್ಥೆ ಆ ಕುದುರೆಯನ್ನು ಮಾಡಿನ ಮೇಲೆ ಓಡಿಸೋ 'ರೋಚ್ ರೇಸ್' ಅಂತ ಪುಟ್ಟ ಗೇಮನ್ನೂ ಹೊರತಂದಿತು. ಬಗ್ಗನ್ನು ಫೀಚರ್ ಅನ್ನೋ ನಮ್ಮ ಕುಲದ ಹಳೇ ಜೋಕನ್ನು ಇವರು ನಿಜ ಮಾಡಿಬಿಟ್ಟರು.

ಈ ಕಂಪನಿ 1994ರಲ್ಲಿ ಶುರುವಾದದ್ದು ಗೇಮ್ ಮಾರೋ ಅಂಗಡಿಯ ಥರ. ಹೆಸರು ಬಂದದ್ದು 1999ರಲ್ಲಿ, 'ಬಾಲ್ಡರ್ಸ್ ಗೇಟ್' ಅನ್ನೋ ಗೇಮನ್ನು ಪೋಲಿಷ್ ನಟರ ದನಿಯಲ್ಲಿ, ತಮ್ಮ ಭಾಷೆಯಲ್ಲಿ ತಂದಾಗ. ತಮ್ಮದೇ ಕಥೆ, ತಮ್ಮದೇ ದೆವ್ವ ಹಿಡ್ಕೊಂಡು ಗೇಮ್ ಮಾಡಿದ್ದು ಆಮೇಲೆ. 2011ರಲ್ಲಿ ಒಬಾಮ ವಾರ್ಸಾಗೆ ಹೋದಾಗ ಅಲ್ಲಿನ ಪ್ರಧಾನಿ ಕೊಟ್ಟ ಉಡುಗೊರೆಗಳಲ್ಲಿ 'ವಿಚರ್ 2' ಕೂಡ ಇತ್ತು. ಕನ್ನಡದಲ್ಲಿ ವಿಚರ್ 3 ಇಲ್ಲ, ಸಬ್‌ಟೈಟಲ್ ಕೂಡ ಇಲ್ಲ. ಅಮ್ಮನಿಗೆ ನಾನೇ ಲೈವ್ ಡಬ್ಬಿಂಗ್ ಮಾಡಿದ್ದು.

ಶುರು ಮಾಡೋರಿಗೆ ಎರಡು ಮಾತು. ಇದು ದೊಡ್ಡವರ ಗೇಮು, ರಕ್ತ, ಬೆತ್ತಲೆ, ಬೈಗುಳ ಎಲ್ಲ ಇದೆ. ಮನೇಲಿ ಮಕ್ಕಳಿದ್ದರೆ ಅವರು ಮಲಗಿದ ಮೇಲೆ. ಮುಖ್ಯ ಕಥೆಗೇ ಸುಮಾರು 50 ಗಂಟೆ ಬೇಕು, ಮೊದಲ ಕೆಲವು ಗಂಟೆ ನಿಧಾನ. ಹಬ್ಬದ ಸೇಲುಗಳಲ್ಲಿ ಬೆಲೆ ಚೆನ್ನಾಗಿ ಇಳಿಯುತ್ತೆ, ಎರಡು ದೊಡ್ಡ ಹೆಚ್ಚುವರಿ ಕಥೆಗಳೂ ಇರೋ ಪೂರ್ಣ ಆವೃತ್ತಿಯನ್ನೇ ತಗೊಳ್ಳಿ. ಅದರಲ್ಲಿ 2016ರ 'ಬ್ಲಡ್ ಅಂಡ್ ವೈನ್' ಬಿಡಬೇಡಿ. ಜೀವನವಿಡೀ ಮಳೆಯಲ್ಲಿ ಮಲಗಿದ ಗೆರಾಲ್ಟನಿಗೆ ಅಲ್ಲಿ ಒಂದು ದ್ರಾಕ್ಷಿ ತೋಟ, ಒಂದು ಮನೆ ಸಿಗುತ್ತೆ. ಗೋಡೆಗೆ ಚಿತ್ರ ಹಾಕಬಹುದು, ಮಂಚ ಬದಲಿಸಬಹುದು, ಕುದುರೆಗೆ ಲಾಯ ಕಟ್ಟಿಸಬಹುದು. ನಾನು ಒಂದು ಇಡೀ ಶನಿವಾರ ಒಂದೂ ರಾಕ್ಷಸನನ್ನು ಮುಟ್ಟದೆ ಆ ಮನೆ ಜೋಡಿಸ್ತಾ ಕೂತಿದ್ದೆ. ಇಎಂಐ ಇಲ್ಲದ ಮನೆ, ಅಷ್ಟು ಸುಲಭಕ್ಕೆ ಬಿಟ್ಟು ಹೊರಡೋಕೆ ಮನಸ್ಸು ಬರಲಿಲ್ಲ.