ಹದ್ದು, ಮಗು ಮತ್ತು ಮಂಗಳವಾರದ ಹರಟೆ

ಆಕ್ಸ್‌ಫರ್ಡ್‌ನ ಸೇಂಟ್ ಜೈಲ್ಸ್ ಬೀದಿ ತೇರು ಎಳೆಯುವಷ್ಟು ಅಗಲ. ಅದರ ಪಶ್ಚಿಮ ಬದಿಯ ಕಟ್ಟಡಗಳ ಸಾಲಿನಲ್ಲಿ ಒಂದು ಹಳೆಯ ಪಬ್ಬು, ‘ಈಗಲ್ ಅಂಡ್ ಚೈಲ್ಡ್’. ಬೋರ್ಡಿನ ಮೇಲೆ ಮಗುವನ್ನು ಹೊತ್ತ ಹದ್ದು. ಅಲ್ಲಿ ಕೂರುತ್ತಿದ್ದ ಗೆಳೆಯರಿಗೆ ಇದು ಬರೀ ‘ಬರ್ಡ್ ಅಂಡ್ ಬೇಬಿ’.

ಆ ಗೆಳೆಯರು ತಮ್ಮನ್ನು ‘ಇಂಕ್ಲಿಂಗ್ಸ್’ ಎಂದು ಕರೆದುಕೊಂಡಿದ್ದರು. ಸಿ.ಎಸ್. ಲೂಯಿಸ್, ಅವನ ಅಣ್ಣ ವಾರ್ನಿ, ಜೆ.ಆರ್.ಆರ್. ಟಾಲ್ಕಿನ್, ಚಾರ್ಲ್ಸ್ ವಿಲಿಯಮ್ಸ್, ಹ್ಯೂಗೋ ಡೈಸನ್, ಜೊತೆಗೆ ಇವರಲ್ಲಿ ಹಲವರಿಗೆ ಔಷಧಿ ಕೊಡುತ್ತಿದ್ದ ಡಾಕ್ಟರ್ ಹ್ಯಾವರ್ಡ್. ಸದಸ್ಯತ್ವವಿಲ್ಲ, ಚಂದಾ ಇಲ್ಲ, ನಡಾವಳಿ ಪುಸ್ತಕವಂತೂ ಇಲ್ಲವೇ ಇಲ್ಲ. ಮಂಗಳವಾರ ಊಟದ ಹೊತ್ತಿಗೆ ಮುಂಚೆ ಹಿಂಬದಿಯ ‘ರ‍್ಯಾಬಿಟ್ ರೂಮ್’ ಎಂಬ ಪುಟ್ಟ ಕೋಣೆಗೆ ಬರಬೇಕು, ಅಷ್ಟೇ.

‘ಲಾರ್ಡ್ ಆಫ್ ದಿ ರಿಂಗ್ಸ್’ ಇದೇ ಬೆಂಚಿನ ಮೇಲೆ ಹುಟ್ಟಿತು ಎಂದು ನಂಬಿ ಬರುವ ಅಭಿಮಾನಿಗಳು ಬಹಳ. ಅವರನ್ನು ನಿರಾಸೆಗೊಳಿಸುವುದು ಪಾಪ, ಆದರೂ ಹೇಳಬೇಕು: ಹಸ್ತಪ್ರತಿ ಓದುತ್ತಿದ್ದದ್ದು ಗುರುವಾರ ರಾತ್ರಿ, ಮಾಡ್ಲಿನ್ ಕಾಲೇಜಿನ ಲೂಯಿಸ್ ಕೋಣೆಯಲ್ಲಿ. ಅಲ್ಲಿ ಡೈಸನ್ ಎಲ್ಫ್‌ಗಳ ಕಥೆ ಸಾಕಪ್ಪಾ ಎಂದು ಗೊಣಗಿದ್ದೂ ಉಂಟು. ಪಬ್ಬಿನಲ್ಲಿ ನಡೆದದ್ದು ಹೆಚ್ಚಾಗಿ ಹರಟೆ. 1950ರಲ್ಲಿ ಲೂಯಿಸ್ ತನ್ನ ಮೊದಲ ನಾರ್ನಿಯಾ ಕಾದಂಬರಿಯ ಪ್ರೂಫುಗಳನ್ನು ಇಲ್ಲಿ ಕೈಯಿಂದ ಕೈಗೆ ದಾಟಿಸಿದ್ದು ಅಪರೂಪದ ಸಂಗತಿ. ನನ್ನ ಮಟ್ಟಿಗೆ ಈ ಜಾಗದ ಹೆಚ್ಚುಗಾರಿಕೆಯೇ ಅದು: ದೊಡ್ಡ ಬರಹಗಾರರು ಇಲ್ಲಿ ಬರೆಯಲು ಬರುತ್ತಿರಲಿಲ್ಲ.

1944ರ ಅಕ್ಟೋಬರ್‌ನ ಒಂದು ಮಂಗಳವಾರ. ಮೂಲೆಯಲ್ಲಿ ಕಡ್ಡಿಯಂಥ ಎತ್ತರದ ಆಸಾಮಿ. ಅರ್ಧ ಮಿಲಿಟರಿ ಉಡುಪು, ಅಗಲ ಅಂಚಿನ ಟೋಪಿ, ಚುರುಕು ಕಣ್ಣು. ಇವರ ಮಾತಿಗೆ ಕಿವಿಗೊಟ್ಟು ಕೂತಿದ್ದವನು ನಡುವೆ ಬಾಯಿ ಹಾಕಿದ. ನೋಡಿದರೆ ದಕ್ಷಿಣ ಆಫ್ರಿಕಾದ ಕವಿ ರಾಯ್ ಕ್ಯಾಂಪ್‌ಬೆಲ್! ಟಾಲ್ಕಿನ್‌ಗೆ ತನ್ನದೇ ಕಾದಂಬರಿಯ ಪಾತ್ರ ಎದುರಿಗೆ ಬಂದು ಕೂತಂತಾಯಿತು. ಹೋಟೆಲಿನ ಮೂಲೆಯಲ್ಲಿ ಅಪರಿಚಿತನಾಗಿ ಕಾಣಿಸಿಕೊಳ್ಳುವ ಸ್ಟ್ರೈಡರ್. ಮಗ ಕ್ರಿಸ್ಟೋಫರ್‌ಗೆ ಬರೆದ ಕಾಗದದಲ್ಲಿ ಅವನು ಇದನ್ನೆಲ್ಲ ವಿವರವಾಗಿ ಹೇಳಿಕೊಂಡಿದ್ದಾನೆ.

ಮರುವರ್ಷ ಮೇ 15. ಯೂರೋಪಿನಲ್ಲಿ ಯುದ್ಧ ಮುಗಿದು ವಾರ ಕಳೆದಿತ್ತು. ಹತ್ತಿರದ ರ‍್ಯಾಡ್‌ಕ್ಲಿಫ್ ಆಸ್ಪತ್ರೆಯಲ್ಲಿದ್ದ ವಿಲಿಯಮ್ಸ್‌ಗೆ ಓದಲು ಒಂದು ಪುಸ್ತಕ ಹಿಡಿದುಕೊಂಡು ಲೂಯಿಸ್ ಹೋದ. ಅವನಿಂದ ಏನಾದರೂ ಸಂದೇಶವಿದ್ದರೆ ಪಬ್ಬಿನಲ್ಲಿ ಕಾಯುವ ಗೆಳೆಯರಿಗೆ ಮುಟ್ಟಿಸುವುದು ಅವನ ಲೆಕ್ಕ. ವಿಲಿಯಮ್ಸ್ ತೀರಿಕೊಂಡಿದ್ದ. ಕೆಲವೇ ನಿಮಿಷದ ಆ ದಾರಿ ನಡೆದು ಬಂದು ಲೂಯಿಸ್ ಸಾವಿನ ಸುದ್ದಿ ಹೇಳಬೇಕಾಯಿತು. ಅಂದೂ ಮಂಗಳವಾರವೇ.

1954ರಲ್ಲಿ ಲೂಯಿಸ್ ಕೇಂಬ್ರಿಜ್‌ನಲ್ಲಿ ಪ್ರಾಧ್ಯಾಪಕನಾದ ಮೇಲೆ ಕೂಟ ಸೋಮವಾರಕ್ಕೆ ಸರಿಯಿತು. 1962ರಲ್ಲಿ ಪಬ್ಬಿನವರು ಹಿಂಬದಿಯನ್ನು ವಿಸ್ತರಿಸಿದರು; ರ‍್ಯಾಬಿಟ್ ರೂಮ್ ಜನ ಓಡಾಡುವ ಜಾಗವಾಯಿತು. ಯಾರು ಬೇಕಾದರೂ ಹಾದುಹೋಗುವ ಕಡೆ ಮನಸ್ಸು ಬಿಚ್ಚಿ ಮಾತಾಡುವುದು ಹೇಗೆ? ಉಳಿದವರು ರಸ್ತೆ ದಾಟಿ ಎದುರಿನ ‘ಲ್ಯಾಂಬ್ ಅಂಡ್ ಫ್ಲ್ಯಾಗ್’ಗೆ ಹೋದರು. ಮರುವರ್ಷ ಲೂಯಿಸ್ ತೀರಿಕೊಂಡ. (ನಮ್ಮ ಗಿರೀಶ ಕಾರ್ನಾಡರು ರೋಡ್ಸ್ ವಿದ್ವಾಂಸರಾಗಿ ಆಕ್ಸ್‌ಫರ್ಡ್‌ನಲ್ಲಿದ್ದದ್ದು 1960ರಿಂದ 63ರವರೆಗೆ. ಅಂದರೆ ಈ ವಲಸೆ ನಡೆದಾಗ ಅವರು ಅದೇ ಊರಿನಲ್ಲಿದ್ದರು.)

ಈಗಲ್ ಅಂಡ್ ಚೈಲ್ಡ್ ಕೋವಿಡ್ ಕಾಲದಲ್ಲಿ, 2020ರಲ್ಲಿ ಬಾಗಿಲು ಹಾಕಿತು. 2023ರಲ್ಲಿ ಒರಾಕಲ್‌ನ ಲ್ಯಾರಿ ಎಲಿಸನ್ ಸ್ಥಾಪಿಸಿದ ತಂತ್ರಜ್ಞಾನ ಸಂಸ್ಥೆ ಅದನ್ನು ಕೊಂಡು, ಜೀರ್ಣೋದ್ಧಾರವನ್ನು ಫಾಸ್ಟರ್ ಅಂಡ್ ಪಾರ್ಟ್‌ನರ್ಸ್‌ಗೆ ವಹಿಸಿತು. ಹೆಸರಾಂತ ವಾಸ್ತುಶಿಲ್ಪಿಗಳೇ ಸರಿ, ಆದರೆ ಆ ಕೋಣೆಗೆ ಬೇಕಿರುವುದು ಒಂದು ಗೋಡೆ, ಒಂದು ಬಾಗಿಲು.

ಎದುರಿನ ಲ್ಯಾಂಬ್ ಅಂಡ್ ಫ್ಲ್ಯಾಗ್ ಕೂಡ 2021ರ ಜನವರಿಯಲ್ಲಿ ಮುಚ್ಚಿತ್ತು. ಊರಿನವರೇ ಕೆಲವರು ಕೈಜೋಡಿಸಿ, ಸೇಂಟ್ ಜಾನ್ಸ್ ಕಾಲೇಜಿನಿಂದ ಅದನ್ನು ಗುತ್ತಿಗೆಗೆ ಪಡೆದು, 2022ರ ಅಕ್ಟೋಬರ್‌ನಲ್ಲಿ ಮತ್ತೆ ತೆರೆದರು. ತಮ್ಮ ಗುಂಪಿಗೆ ಅವರು ಇಟ್ಟುಕೊಂಡ ಹೆಸರು ‘ಇಂಕ್ಲಿಂಗ್ಸ್’.