ಹೊಗೆಯ ಪ್ರಾಯ

ಅಡುಗೆಮನೆಯ ಒಲೆಯಿಂದೆದ್ದ ಹೊಗೆಯೂ ಲಾರಿಯ ಕೊಳವೆಯಿಂದ ಹೊರಟ ಹೊಗೆಯೂ ಆಕಾಶದಲ್ಲಿ ಒಂದಾಗಿ ಬೆರೆತ ಮೇಲೆ, ಇದು ಯಾವುದರದು, ಅದು ಯಾವುದರದು ಎಂದು ಬೇರ್ಪಡಿಸಿ ಹೇಳುವುದು ಕಣ್ಣಿಗಾಗಲಿ ಮೂಗಿಗಾಗಲಿ ಸಾಧ್ಯವಿಲ್ಲ. ಆದರೆ ಮಸಿಯೊಳಗಿನ ಇಂಗಾಲ ತನ್ನ ಜನ್ಮವೃತ್ತಾಂತವನ್ನು ಮರೆತಿರುವುದಿಲ್ಲ. ವಿಶ್ವಕಿರಣಗಳ ಆಘಾತದಿಂದ ವಾಯುಮಂಡಲದಲ್ಲಿ ಹುಟ್ಟುವ ಇಂಗಾಲ-14 ಎಂಬ ವಿಕಿರಣಶೀಲ ಪರಮಾಣುವನ್ನು ಗಿಡಮರಗಳು ಜೀವಿಸಿರುವಷ್ಟು ಕಾಲವೂ ಗಾಳಿಯಿಂದ ಹೀರಿಕೊಳ್ಳುತ್ತವೆ. ಅದರ ಅರ್ಧಾಯುಷ್ಯ ಸುಮಾರು 5,730 ವರ್ಷಗಳಾದುದರಿಂದ, ಕೋಟ್ಯಂತರ ವರ್ಷ ಭೂಗರ್ಭದಲ್ಲಿ ಹುದುಗಿದ್ದ ಕಲ್ಲಿದ್ದಲು, ಎಣ್ಣೆಗಳಲ್ಲಿ ಅದು ಲವಲೇಶವೂ ಉಳಿದಿರದು. ಈಚೆಗೆ ಕಡಿದ ಸೌದೆಯಲ್ಲಿ ಯಥೇಷ್ಟವಾಗಿರುತ್ತದೆ.

ಯಥೇಷ್ಟವೆಂದರೂ ಸಾಮಾನ್ಯ ಇಂಗಾಲದ ಲಕ್ಷಕೋಟಿ ಪರಮಾಣುಗಳಿಗೆ ಸುಮಾರು ಒಂದು! ಒಂದು ಮಿಲಿಗ್ರಾಂ ಇಂಗಾಲದಲ್ಲಿ ಇಂಥವು ಆರು ಕೋಟಿಯಷ್ಟಿದ್ದರೂ ಗಂಟೆಗೆ ಒಂದು ಕೂಡ ಸರಾಸರಿಯಲ್ಲಿ ಕ್ಷಯಿಸದು. ಆದಕಾರಣ, ಕ್ಷಯವನ್ನೇ ಕಾದು ಕುಳಿತು ಎಣಿಸುತ್ತಿದ್ದ ಹಳೆಯ ಕ್ರಮಕ್ಕೆ ಗ್ರಾಂಗಟ್ಟಲೆ ವಸ್ತು ಬೇಕಾಗುತ್ತಿತ್ತು. ಕಾಯುವುದನ್ನು ಬಿಟ್ಟು ಪರಮಾಣುಗಳನ್ನೇ ನೇರವಾಗಿ ಎಣಿಸಬಹುದೆಂದು 1977ರಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದವರೂ ಕೆನಡದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರೂ ತೋರಿಸಿಕೊಟ್ಟರು. ಆಕ್ಸಲರೇಟರ್ ಮಾಸ್ ಸ್ಪೆಕ್ಟ್ರೊಮೆಟ್ರಿ, ಅರ್ಥಾತ್ ವೇಗವರ್ಧಕ ದ್ರವ್ಯರಾಶಿ ರೋಹಿತಮಾಪನವೆಂಬ ದೀರ್ಘನಾಮದ ವಿದ್ಯೆ ಇದೇ.

ಸೋಸುಪಟ್ಟಿಯ ಮೇಲೆ ಕುಳಿತ ಮಸಿಯನ್ನು ಸುಟ್ಟು, ಬಂದ ಅನಿಲವನ್ನು ಗ್ರಾಫೈಟಿನ ಕರಿಪುಡಿಯಾಗಿ ಮಾರ್ಪಡಿಸಿ, ಸಣ್ಣದೊಂದು ಲೋಹದ ಗುಳಿಯಲ್ಲಿ ಒತ್ತಿ ತುಂಬುತ್ತಾರೆ. ಸೀಸಿಯಂ ಅಯಾನುಗಳ ಹೊಡೆತಕ್ಕೆ ಅದರಿಂದ ಋಣ ಅಯಾನುಗಳು ಚಿಮ್ಮುತ್ತವೆ. ತೂಕದಲ್ಲಿ ಇಂಗಾಲ-14ರ ಪ್ರತಿರೂಪದಂತಿರುವ ನೈಟ್ರೊಜನ್ ಸ್ಥಿರವಾದ ಋಣ ಅಯಾನು ಆಗಲಾರದೆ ಬಾಗಿಲಲ್ಲೇ ನಿಂತುಹೋಗುವುದೇ ಈ ವಿಧಾನದ ಭಾಗ್ಯವೆನ್ನಬೇಕು. ಉಳಿದವು ಲಕ್ಷಾಂತರ ವೋಲ್ಟುಗಳ ಸೆಳೆತದಲ್ಲಿ ಧಾವಿಸಿ ತೆಳುವಾದ ಅನಿಲವನ್ನು ಹಾಯುವಾಗ ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳಲು, ಅದೇ ತೂಕದ ವೇಷಧಾರಿ ಅಣುಗಳು ಒಡೆದು ಚೂರಾಗುತ್ತವೆ. ಕಾಂತಗಳು ಬಾಗಿಸಿ ಕಳುಹಿದ ಇಂಗಾಲ-14 ಮಾತ್ರ ಒಂದೊಂದಾಗಿ ಎಣಿಕೆಗೆ ಸಿಕ್ಕುತ್ತದೆ.

ದಕ್ಷಿಣ ಏಷ್ಯದ ಮೇಲೆ ಚಳಿಗಾಲದಲ್ಲಿ ಕವಿಯುವ ಕಂದು ಮೋಡಕ್ಕೆ ಒಲೆಯೇ ಕಾರಣವೆಂದು ಇಂಧನದ ಲೆಕ್ಕಪತ್ರಗಳೂ, ಕಲ್ಲಿದ್ದಲು ಎಣ್ಣೆಗಳೇ ಕಾರಣವೆಂದು ಧೂಳಿನ ರಾಸಾಯನಿಕ ಪರೀಕ್ಷೆಗಳೂ ವಾದಿಸುತ್ತಿದ್ದಾಗ, ಸ್ಟಾಕ್‌ಹೋಮಿನ ವಿಜ್ಞಾನಿ ಓರ್ಯನ್ ಗುಸ್ತಾಫ್ಸನ್ನರೂ ಸಂಗಡಿಗರೂ ಪುಣೆಯ ಬಳಿಯ ಸಿಂಹಗಡದಲ್ಲಿಯೂ ಮಾಲ್ದೀವಿನಲ್ಲಿಯೂ ಹಿಡಿದ ಧೂಳಿನ ಇಂಗಾಲ-14 ಅಳೆದು 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಂಗಾಲಯುಕ್ತ ಧೂಳಿನ ಮೂರರಲ್ಲಿ ಎರಡು ಪಾಲು ಸೌದೆ, ಬೆರಣಿ, ಹೊಲದ ಕಸಗಳಂಥ ಜೈವಿಕ ವಸ್ತುಗಳನ್ನು ಸುಟ್ಟುದರಿಂದ ಬಂದದ್ದು. ಬರಿಯ ಮಸಿಯಲ್ಲಿ ಅವುಗಳ ಪಾಲು, ಮಸಿಯ ಬಗೆಯನ್ನನುಸರಿಸಿ, ಅರ್ಧದಿಂದ ಮೂರರಲ್ಲೆರಡರವರೆಗೆ. ಹಾಗೆಂದು ಲಾರಿಗೆ ಬಿಡುಗಡೆಯೇನೂ ದೊರೆಯಲಿಲ್ಲ.

ಲೆಕ್ಕದಲ್ಲಿ ಒಂದು ತೊಡಕುಂಟು: 1960ರ ದಶಕದ ಹೊತ್ತಿಗೆ ಅಣ್ವಸ್ತ್ರ ಪರೀಕ್ಷೆಗಳು ಗಾಳಿಯ ಇಂಗಾಲ-14ನ್ನು ಬಹುಮಟ್ಟಿಗೆ ಇಮ್ಮಡಿಸಿದ್ದುದರಿಂದ, ಆಗ ಬೆಳೆದ ಮರದ ಸೌದೆಯದೂ ಕಳೆದ ವರ್ಷದ ಬತ್ತದ ಹುಲ್ಲಿನದೂ ಗುರುತು ಒಂದೇ ಅಲ್ಲ; ಮಸಿಯನ್ನು ಅಳೆಯುವವನು ಮರದ ಪ್ರಾಯವನ್ನೂ ವಿಚಾರಿಸಿಕೊಳ್ಳಬೇಕಾಗುತ್ತದೆ.